ಭೇಟಿ ಸಮಯ: ಭಾನುವಾರ ಎರಡರಿಂದ ನಾಲ್ಕು

ಲಂಡನ್ನಿನ ಹೆಸರಾಂತ ಆಸ್ಪತ್ರೆಗಳಲ್ಲಿ ದಾಖಲಾದ ಮಕ್ಕಳನ್ನು ಹೆತ್ತವರು ಯಾವಾಗ ನೋಡಬಹುದು ಎಂಬ ಪಟ್ಟಿಯೊಂದು 1949ರಲ್ಲಿ ಅಲ್ಲಿನ 'ಸ್ಪೆಕ್ಟೇಟರ್' ಪತ್ರಿಕೆಯಲ್ಲಿ ಅಚ್ಚಾಗಿತ್ತು. ಗೈಸ್ ಆಸ್ಪತ್ರೆಯಲ್ಲಿ ಭಾನುವಾರ ಮಧ್ಯಾಹ್ನ ಎರಡರಿಂದ ನಾಲ್ಕು. ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮೊದಲ ತಿಂಗಳು ಭೇಟಿಯೇ ಇಲ್ಲ. ಸಂಜೆ ಏಳರಿಂದ ಎಂಟರ ನಡುವೆ, ಮಗು ನಿದ್ದೆಹೋಗಿದ್ದಾಗ ಬಂದು ಮುಖ ನೋಡಿಕೊಂಡು ಹೋಗಬಹುದು. ಲಂಡನ್ ಆಸ್ಪತ್ರೆಯಲ್ಲಿ ಮೂರು ವರ್ಷದೊಳಗಿನ ಮಕ್ಕಳನ್ನು ಅಡ್ಡಗೋಡೆಯ ಆಚೆ ನಿಂತೇ ನೋಡಬೇಕು. ದೀಪ ಹಿಡಿದು ಪ್ರತಿಜ್ಞೆ ಮಾಡುವಾಗ ನಾವು ನರ್ಸುಗಳು ನೆನೆಯುವ ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ತನ್ನ ಶಾಲೆ ತೆರೆದದ್ದು ಇದೇ ಸೇಂಟ್ ಥಾಮಸ್‌ನಲ್ಲಿ. ನಮ್ಮ ಬಿಳಿ ಟೋಪಿ, ವಾರ್ಡಿನ ಶಿಸ್ತು, 'ಸಿಸ್ಟರ್' ಎಂಬ ಕರೆ ಎಲ್ಲವೂ ಆ ಕಡೆಯಿಂದಲೇ ಬಂದವು. ಭೇಟಿಯ ಈ ನಿಯಮ ಮಾತ್ರ ಆಗ ನಮ್ಮಲ್ಲಿಗೆ ಬರಲಿಲ್ಲ. ಯಾಕೆ ಬರಲಿಲ್ಲ, ಆಮೇಲೆ ಯಾವ ದಾರಿಯಿಂದ ಬಂತು ಎನ್ನುವುದೇ ಈ ಬರಹ.

ಕೆಲಸಕ್ಕೆ ಸೇರಿದಂದಿನಿಂದ ನಿವೃತ್ತಿಯವರೆಗೆ ಬಹುಪಾಲು ನಾನು ಉತ್ತರ ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳ ಮಕ್ಕಳ ವಾರ್ಡಿನಲ್ಲಿ ಇದ್ದವಳು. ಮೊದಮೊದಲಿನ ವಾರ್ಡು ಎಂದರೆ ಅದೊಂದು ಸಂತೆ. ವಾಂತಿಭೇದಿಯ ಕಾಲದಲ್ಲಿ ಒಂದೊಂದು ಮಂಚಕ್ಕೆ ಎರಡೆರಡು ಕೂಸು, ಪಕ್ಕದಲ್ಲಿ ಇಬ್ಬರು ತಾಯಂದಿರು, ಮಂಚದ ಕೆಳಗೆ ಚಾಪೆ ಹಾಸಿಕೊಂಡ ಅಜ್ಜಿ. ಸಲೈನ್ ಕಂಬದಿಂದ ಕಿಟಕಿಯ ಸರಳಿಗೆ ಸೀರೆಯ ಜೋಲಿ. ರೊಟ್ಟಿ ಗಂಟು, ಚಹದ ಥರ್ಮಾಸು, ದೊಡ್ಡ ಮಗನೂ ಜೊತೆಗೇ. ಡಾಕ್ಟರು ರೌಂಡ್ಸಿಗೆ ಬರುವ ಮುಂಚೆ ಆಯಾ ಬಂದು ಎಲ್ಲರನ್ನೂ ಹೊರಗೆ ಅಟ್ಟುತ್ತಿದ್ದಳು, ರೌಂಡ್ಸ್ ಮುಗಿದ ಹತ್ತು ನಿಮಿಷಕ್ಕೆ ಸಂತೆ ಮತ್ತೆ ಕೂಡುತ್ತಿತ್ತು. ನಮಗೆ ಸಿಟ್ಟು ಬರುತ್ತಿತ್ತು, ಬೈಯುತ್ತಲೂ ಇದ್ದೆವು. ಆದರೆ ರಾತ್ರಿ ಪಾಳಿಯಲ್ಲಿ ಒಬ್ಬಳೇ ನರ್ಸು ಇಡೀ ವಾರ್ಡು ನೋಡುವಾಗ, "ಬಾಯಾರ, ಬಾಟ್ಲಿ ಖಾಲಿ ಆಗೇದ ನೋಡ್ರಿ" ಎಂದು ಓಡಿ ಬರುತ್ತಿದ್ದವಳು ಯಾವುದೋ ಕೂಸಿನ ತಾಯಿಯೇ.

ತಾಯಿಯನ್ನು ವಾರ್ಡಿನೊಳಗೆ ಬಿಡಬೇಕೋ ಬೇಡವೋ ಎಂಬ ಜಗಳ ಮಕ್ಕಳ ಆಸ್ಪತ್ರೆಗಳಿಗಿಂತ ಹಳೆಯದು. ಜಾರ್ಜ್ ಆರ್ಮ್‌ಸ್ಟ್ರಾಂಗ್ ಎಂಬ ವೈದ್ಯ 1769ರಲ್ಲಿ ಲಂಡನ್ನಿನ ರೆಡ್ ಲಯನ್ ಚೌಕದಲ್ಲಿ ಬಡ ಮಕ್ಕಳಿಗೆಂದು ಔಷಧಾಲಯ ತೆರೆದ. ತೋರಿಸಿಕೊಂಡು, ಔಷಧಿ ಇಸಿದುಕೊಂಡು ಮನೆಗೆ ಹೋಗುವ ವ್ಯವಸ್ಥೆ ಅದು. ಮಂಚ ಹಾಕಲು ಆತ ಒಪ್ಪಲಿಲ್ಲ. ಕಾಯಿಲೆಯ ಮಗುವನ್ನು ತಾಯಿಯಿಂದ ಬಿಡಿಸಿದರೆ ಅದರ ಎದೆಯೊಡೆಯುತ್ತದೆ ಎನ್ನುವುದು ಆತನ ವಾದ. ಹಾಗಾದರೆ ತಾಯಂದಿರನ್ನೂ ಇಟ್ಟುಕೊಳ್ಳಿ ಎಂದರೆ ಅದಕ್ಕೂ ಒಪ್ಪಲಿಲ್ಲ. ವಾರ್ಡು ಕಿಕ್ಕಿರಿಯುತ್ತದೆ, ಜೊತೆಗೆ ತಾಯಂದಿರಿಗೂ ಆಸ್ಪತ್ರೆಯ ದಾದಿಯರಿಗೂ ದಿನಾ ಜಗಳ ಹತ್ತುತ್ತದೆ ಎಂದ. ಇನ್ನೂರೈವತ್ತು ವರ್ಷ ಕಳೆದರೂ ಆ ಮಾತಿನ ಎರಡನೆಯ ಭಾಗ ಸುಳ್ಳಾಗಿಲ್ಲ ಎಂದು ನಾನು ಸಹಿ ಹಾಕಿ ಕೊಡಬಲ್ಲೆ.

ಮುಂದಿನ ಶತಮಾನದಲ್ಲಿ ಮಂಚ ಬಂತು. 1852ರ ಫೆಬ್ರವರಿಯಲ್ಲಿ ಚಾರ್ಲ್ಸ್ ವೆಸ್ಟ್ ಎಂಬ ವೈದ್ಯನ ಪ್ರಯತ್ನದಿಂದ ಗ್ರೇಟ್ ಆರ್ಮಂಡ್ ಬೀದಿಯಲ್ಲಿ ಹತ್ತು ಮಂಚದ ಮಕ್ಕಳ ಆಸ್ಪತ್ರೆ ಶುರುವಾಯಿತು. ಅಲ್ಲಿಗೆ ಬಂದದ್ದು ಬಡವರ ಮಕ್ಕಳು. ಉಳ್ಳವರು ವೈದ್ಯರನ್ನು ಮನೆಗೇ ಕರೆಸುತ್ತಿದ್ದರು. ಬಡವರ ಮನೆ ಎಂದರೆ ಕೊಳಕು, ಅವರ ತಾಯಂದಿರು ಎಂದರೆ ತಿಳಿಗೇಡಿಗಳು ಎಂಬುದು ಆ ಕಾಲದ ನಂಬಿಕೆ. ದಡಾರ, ಗಂಟಲಮಾರಿಯಂಥವು ವಾರ್ಡಿಗೆ ಹೊಕ್ಕರೆ ಸಾಲು ಸಾಲು ಮಕ್ಕಳು ಸಾಯುತ್ತಿದ್ದ ದಿನಗಳಾದ್ದರಿಂದ ಆ ಹೆದರಿಕೆಯನ್ನು ಪೂರ್ತಿ ತಳ್ಳಿಹಾಕಲೂ ಆಗದು. ಇದರ ಜೊತೆಗೆ ಎಲ್ಲ ಕಡೆ ಕೇಳಿಬರುತ್ತಿದ್ದ ಮಾತೊಂದಿತ್ತು: ತಾಯಿ ಬಂದು ಹೋದಮೇಲೆ ಮಗು ಅಳುತ್ತದೆ, ಬಾರದಿದ್ದರೆ ಒಂದೆರಡು ದಿನದಲ್ಲಿ ಹೊಂದಿಕೊಳ್ಳುತ್ತದೆ, ಆದ್ದರಿಂದ ಬಾರದಿರುವುದೇ ಮಗುವಿಗೆ ಒಳ್ಳೆಯದು. ವಾರ್ಡಿನಲ್ಲಿ ದುಡಿದವರಿಗೆ ಈ ಮಾತಿನ ರುಚಿ ಗೊತ್ತು. ಸದ್ದಿಲ್ಲದ ವಾರ್ಡು ನೋಡಲು ಚೆನ್ನ.

ಬಾಗಿಲು ಮುಚ್ಚಿದರೆ ಹೊರಗಿರುವವರಿಗೆ ಏನಾಗುತ್ತದೆ ಎಂದು ಮೊದಲು ಬರೆದಿಟ್ಟವರಲ್ಲಿ ಪ್ಯಾರಿಸ್ಸಿನ ಹೆರಿಗೆ ವೈದ್ಯ ಪಿಯೆರ್ ಬುಡಾನ್ ಒಬ್ಬ. ದಿನ ತುಂಬದೆ ಹುಟ್ಟಿದ ಮಕ್ಕಳನ್ನು ಕಾವುಪೆಟ್ಟಿಗೆಯಲ್ಲಿಟ್ಟು ಉಳಿಸುವುದರಲ್ಲಿ ಆತ ಎತ್ತಿದ ಕೈ. ಕೂಸು ಉಳಿಯುತ್ತಿತ್ತು, ಆದರೆ ಹಾಲೂಡಿಸದೆ, ಮುಟ್ಟದೆ ವಾರಗಟ್ಟಲೆ ದೂರ ಉಳಿದ ತಾಯಿಗೆ ಅದರ ಮೇಲಿನ ಆಸ್ಥೆಯೇ ಬತ್ತಿಹೋಗುತ್ತಿತ್ತು. ಇದನ್ನು ಕಂಡ ಬುಡಾನ್ ತಾಯಂದಿರು ಬಂದು ಮೊಲೆಯೂಡಿಸಬೇಕೆಂದು ಪಟ್ಟು ಹಿಡಿದ, ಅವರು ಕೂಸನ್ನು ನೋಡುವಂತೆ ಪೆಟ್ಟಿಗೆಗೆ ಗಾಜು ಬೇಕೆಂದ. 1900ರಲ್ಲಿ ಆತನ ಪುಸ್ತಕ ಬಂತು. ಪೆಟ್ಟಿಗೆಯನ್ನು ಜಗತ್ತೆಲ್ಲ ಕೊಂಡಿತು, ಪಟ್ಟನ್ನು ಅಲ್ಲಿಯೇ ಬಿಟ್ಟಿತು.

ಅಲ್ಲಲ್ಲಿ ಒಬ್ಬೊಬ್ಬರು ಬಾಗಿಲು ತೆರೆದವರೂ ಇದ್ದರು. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜೇಮ್ಸ್ ಸ್ಪೆನ್ಸ್ 1920ರ ದಶಕದಲ್ಲೇ ಹಸುಗೂಸುಗಳ ಜೊತೆ ತಾಯಂದಿರನ್ನೂ ದಾಖಲು ಮಾಡಿಕೊಂಡ. ನ್ಯೂಜಿಲೆಂಡಿನಲ್ಲಿ ಪಿಕರಿಲ್ ದಂಪತಿ ಸೀಳುತುಟಿಯ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡಿ, ಆಮೇಲಿನ ಶುಶ್ರೂಷೆಯನ್ನು ತಾಯಂದಿರ ಕೈಯಲ್ಲೇ ಮಾಡಿಸಿದರು. ಒಂದು ಕೂಸಿಗೆ ಒಂದೇ ಜೊತೆ ಕೈ ಇದ್ದರೆ ಸೋಂಕು ಮಂಚದಿಂದ ಮಂಚಕ್ಕೆ ದಾಟುವುದಿಲ್ಲ ಎನ್ನುವುದು ಅವರ ಲೆಕ್ಕ. ಸೋಂಕಿನ ಹೆಸರಲ್ಲಿ ತಾಯಿಯನ್ನು ಹೊರಗಿಟ್ಟವರಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಆದರೆ ಯಾರೂ ಕೇಳಿಸಿಕೊಳ್ಳಲಿಲ್ಲ.

ಕೇಳಿಸುವಂತೆ ಮಾಡಿದವನು ಡಾಕ್ಟರನಲ್ಲ. ಜೇಮ್ಸ್ ರಾಬರ್ಟ್‌ಸನ್ ಎಂಬ ಸ್ಕಾಟ್‌ಲೆಂಡಿನ ಬಡ ಮನೆಯ ಹುಡುಗ, ಯುದ್ಧಕಾಲದಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಮಕ್ಕಳ ಮನೋವಿಶ್ಲೇಷಕಿ ಆನಾ ಫ್ರಾಯ್ಡ್ ನಡೆಸುತ್ತಿದ್ದ ಶಿಶುಗೃಹದಲ್ಲಿ ಬಾಯ್ಲರ್ ನೋಡಿಕೊಳ್ಳುವ ಕೆಲಸಕ್ಕಿದ್ದ. ಹೆಂಡತಿ ಜಾಯ್ಸ್ ಅಲ್ಲಿಯೇ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಕೆಲಸದವರೆಲ್ಲರೂ ತಾವು ಕಂಡದ್ದನ್ನು ಚೀಟಿಯಲ್ಲಿ ಬರೆದಿಡಬೇಕೆಂಬುದು ಆನಾ ಫ್ರಾಯ್ಡ್‌ಳ ಕಟ್ಟಳೆ. ನೋಡುವುದನ್ನು ಆತ ಅಲ್ಲಿ ಕಲಿತ. 1948ರಲ್ಲಿ ಮನೋವೈದ್ಯ ಜಾನ್ ಬೌಲ್ಬಿಯ ಕೈಕೆಳಗೆ ಸೇರಿ ಮಕ್ಕಳ ವಾರ್ಡಿಗೆ ಕಾಲಿಟ್ಟಾಗ ಉಳಿದವರಿಗೆ 'ಹೊಂದಿಕೊಂಡ' ಮಕ್ಕಳು ಕಂಡರೆ ಆತನಿಗೆ ಆಸೆ ಬಿಟ್ಟ ಮಕ್ಕಳು ಕಂಡರು. ಮೊದಲು ಚೀರಾಟ, ಆಮೇಲೆ ಮಂಕು, ಕೊನೆಗೆ ತಾಯಿ ಬಂದರೂ ಮುಖ ತಿರುಗಿಸುವುದು. ವಾರ್ಡಿನಲ್ಲಿ ಇಷ್ಟು ಜನ ಇದ್ದೂ ಯಾರಿಗೂ ಇದು ಯಾಕೆ ಕಾಣಲಿಲ್ಲ? ಜ್ವರ ನೋಡುವವಳು ಒಬ್ಬಳು, ಮಾತ್ರೆ ಕೊಡುವವಳು ಇನ್ನೊಬ್ಬಳು, ಬಟ್ಟೆ ಬದಲಿಸುವವಳು ಮತ್ತೊಬ್ಬಳು. ಬೆಳಗಿನಿಂದ ಸಂಜೆತನಕ ಒಂದೇ ಮಗುವನ್ನು ನೋಡುತ್ತ ಕೂತವರು ಯಾರೂ ಇರಲಿಲ್ಲ. ನಮ್ಮಲ್ಲೂ ಪಾಳಿಯ ಕೆಲಸ ಹಂಚುವುದು ಹೀಗೆಯೇ.

ಬರೆದರೆ, ಮಾತಾಡಿದರೆ ಯಾರೂ ನಂಬದಾದಾಗ ರಾಬರ್ಟ್‌ಸನ್ ಕ್ಯಾಮೆರಾ ಹಿಡಿದ. ಅದುವರೆಗೆ ಚಲನಚಿತ್ರದ ಕ್ಯಾಮೆರಾ ಮುಟ್ಟಿದವನೇ ಅಲ್ಲ. 1952ರಲ್ಲಿ ಹೊರಬಂದ ಚಿತ್ರದ ಹೆಸರನ್ನು ಕನ್ನಡದಲ್ಲಿ 'ಎರಡು ವರ್ಷದ ಮಗು ಆಸ್ಪತ್ರೆಗೆ ಹೋದದ್ದು' ಎನ್ನಬಹುದು. ಲಾರಾ ಎಂಬ ಎರಡು ವರ್ಷ ಐದು ತಿಂಗಳ ಹುಡುಗಿ, ಹೊಕ್ಕುಳ ಹರ್ನಿಯಾದ ಸಣ್ಣ ಶಸ್ತ್ರಚಿಕಿತ್ಸೆಗೆ ಎಂಟು ದಿನ ಆಸ್ಪತ್ರೆಯಲ್ಲಿ. ತನಗೆ ಬೇಕಾದ ಗಳಿಗೆಯನ್ನಷ್ಟೇ ಆರಿಸಿದ ಎಂದು ಯಾರೂ ಅನ್ನಬಾರದೆಂದು ದಿನವೂ ಗೊತ್ತಾದ ಹೊತ್ತಿಗೇ ಚಿತ್ರಿಸಿದ, ಗೋಡೆಯ ಗಡಿಯಾರವೂ ಕಾಣುವಂತೆ ನೋಡಿಕೊಂಡ. ಲಾರಾ ಹೆಚ್ಚು ಅಳುವ ಮಗುವಲ್ಲ, ತಡೆದುಕೊಳ್ಳುವ ಮಗು. ಅಮ್ಮ ಎಲ್ಲಿ ಎಂದು ಮೆಲ್ಲಗೆ ಕೇಳುತ್ತಾಳೆ. ಅಮ್ಮ ಬಂದಾಗ ಮುಖ ಬೇರೆ ಕಡೆಗೆ. ಮನೆಗೆ ಹೊರಟ ದಿನ ಅಮ್ಮನ ಕೈ ಹಿಡಿಯಲು ಒಪ್ಪುವುದಿಲ್ಲ. ತಿಂಗಳುಗಳ ಮೇಲೆ ಈ ಚಿತ್ರ ಆಕಸ್ಮಿಕವಾಗಿ ಕಣ್ಣಿಗೆ ಬಿದ್ದಾಗ ಅವಳು ತಾಯಿಯ ಕಡೆ ತಿರುಗಿ, ಆಗ ನೀನೆಲ್ಲಿದ್ದೆ ಎಂದು ಸಿಟ್ಟಿನಿಂದ ಕೇಳಿ, ಸಮಾಧಾನಕ್ಕೆ ಅಪ್ಪನ ಕಡೆ ಹೋದಳಂತೆ. ಆ ತಾಯಿ ಆಸ್ಪತ್ರೆಯ ನಿಯಮವನ್ನು ಪಾಲಿಸಿದ್ದಳು, ಅಷ್ಟೇ. ಪ್ರಶ್ನೆ ಬಂದದ್ದು ಅವಳಿಗೆ.

1952ರ ನವೆಂಬರಿನಲ್ಲಿ ರಾಯಲ್ ಸೊಸೈಟಿ ಆಫ್ ಮೆಡಿಸಿನ್‌ನಲ್ಲಿ ಚಿತ್ರ ತೋರಿಸಿದಾಗ ಸಭೆ ಕೆರಳಿತು. ಇದು ನಮ್ಮ ವೃತ್ತಿಗೆ ಅವಮಾನ, ಚಿತ್ರವನ್ನು ಹಿಂತೆಗೆದುಕೊಳ್ಳಿ ಎಂದವರೇ ಹೆಚ್ಚು. ಅಮರ್ಷಮ್ ಆಸ್ಪತ್ರೆಯ ಮಕ್ಕಳ ವೈದ್ಯ ಡರ್ಮಾಡ್ ಮೆಕಾರ್ಥಿಗೂ ಸಿಟ್ಟು ಬಂದಿತ್ತು; ಆದರೆ ತನ್ನ ವಾರ್ಡಿಗೆ ಮರಳಿ ನೋಡಿದಾಗ ಅಲ್ಲೂ ಲಾರಾಗಳೇ ಕಂಡರು. ಆತ ತಾಯಂದಿರನ್ನು ಒಳಗೆ ಬಿಟ್ಟ. 1959ರಲ್ಲಿ ಮೂಳೆ ವೈದ್ಯ ಹ್ಯಾರಿ ಪ್ಲಾಟ್ ಅಧ್ಯಕ್ಷತೆಯ ಸರ್ಕಾರಿ ಸಮಿತಿ, ಮಕ್ಕಳ ವಾರ್ಡಿಗೆ ಹೆತ್ತವರ ಭೇಟಿಗೆ ಕಟ್ಟುಪಾಡು ಬೇಡ, ಚಿಕ್ಕ ಮಕ್ಕಳ ಜೊತೆ ತಾಯಿ ಉಳಿಯಲಿ ಎಂದು ಶಿಫಾರಸು ಮಾಡಿತು. ಶಿಫಾರಸು ಎಂದರೆ ಯಾವ ದೇಶದಲ್ಲಾದರೂ ಶಿಫಾರಸೇ. ಎರಡು ವರ್ಷ ಕಾದು, 1961ರಲ್ಲಿ ಲಂಡನ್ನಿನ ಬ್ಯಾಟರ್ಸಿ ಎಂಬಲ್ಲಿನ ತಾಯಂದಿರು ಸಂಘ ಕಟ್ಟಿ, ಆಸ್ಪತ್ರೆಗಳ ಬಾಗಿಲಿಗೆ ವರದಿ ಹಿಡಿದುಕೊಂಡು ಹೋದರು. ಬಾಗಿಲು ತೆರೆದದ್ದು ಅವರು.

ಇದೆಲ್ಲ ನಡೆಯುವಾಗ ನಮ್ಮ ದೇಶದಲ್ಲಿ ಏನಿತ್ತು? ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ 1946ರ ಭೋರ್ ಸಮಿತಿಯ ಲೆಕ್ಕದಲ್ಲಿ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಇದ್ದ ನರ್ಸುಗಳು ಸುಮಾರು 7,000. ಅಂದರೆ 43,000 ಜನಕ್ಕೆ ಒಬ್ಬಳು. ತಾಯಿಯನ್ನು ಹೊರಗೆ ಕಳಿಸಿದರೆ ಕೂಸಿನ ಬಟ್ಟೆ ಬದಲಿಸುವವರು ಯಾರು, ಗಂಜಿ ಕುಡಿಸುವವರು ಯಾರು? ಗದಗ-ಬೆಟಗೇರಿಯಲ್ಲಿ ಬಾಸೆಲ್ ಮಿಷನ್‌ನವರು ಕಟ್ಟಿದ, ಊರವರ ಬಾಯಲ್ಲಿ ಇವತ್ತಿಗೂ ಜರ್ಮನ್ ಆಸ್ಪತ್ರೆಯೇ ಆಗಿರುವ ಆಸ್ಪತ್ರೆಯಿಂದ ಹಿಡಿದು, 1935ರಲ್ಲಿ ಬೆಂಗಳೂರಿನ ಕೋಟೆ ಬದಿಯಲ್ಲಿ ತೆರೆದ ವಾಣಿವಿಲಾಸದವರೆಗೆ, ಎಲ್ಲಿಯೇ ಆಗಲಿ, ಪೇಶಂಟಿನ ಕಡೆಯವರಿಲ್ಲದೆ ಆಸ್ಪತ್ರೆ ನಡೆಯುವಂತಿರಲಿಲ್ಲ. ನಮ್ಮ ಸಂಸ್ಕೃತಿ ದೊಡ್ಡದು, ತಾಯಿ ಮಗುವನ್ನು ನಾವು ಅಗಲಿಸುವುದಿಲ್ಲ ಎಂದು ಭಾಷಣಗಳಲ್ಲಿ ಕೇಳುತ್ತೇನೆ. ನಾನು ಕಂಡ ಕಾರಣ ಬೇರೆ: ನರ್ಸು ಸಾಲದು. ಬಡತನದಿಂದ ಉಳಿದ ಒಳ್ಳೆಯದನ್ನು ನಾವು ಒಳ್ಳೆಯದೆಂದು ಗುರುತಿಸಲೇ ಇಲ್ಲ, ಹಾಗಾಗಿ ದುಡ್ಡು ಬಂದ ದಿನ ಅದನ್ನೇ ಮೊದಲು ಕಳೆದುಕೊಂಡೆವು.

ದುಡ್ಡು ಬಂದದ್ದು ಗಾಜಿನ ಕೋಣೆಯ ರೂಪದಲ್ಲಿ. ದೊಡ್ಡ ಊರುಗಳ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯು ಮೊದಲೇ ಇತ್ತು. 2003ರಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾ ಜಿಲ್ಲಾಸ್ಪತ್ರೆಯಲ್ಲಿ ನವಜಾತ ಶಿಶುಗಳ ವಿಶೇಷ ಘಟಕ ಶುರುವಾಗಿ ಸಾವು ಇಳಿದದ್ದೇ ತಡ, ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಹಣದಲ್ಲಿ ಜಿಲ್ಲೆ ಜಿಲ್ಲೆಗೂ ಅಂಥದ್ದು ಬಂತು. ವಾರ್ಮರು, ಕಾಮಾಲೆಗೆ ನೀಲಿ ದೀಪ, ಆಕ್ಸಿಜನ್. ಮುಷ್ಟಿಯಷ್ಟಿದ್ದ ಕೂಸುಗಳು ಬದುಕಿಕೊಂಡವು. ಅದನ್ನು ಕಣ್ಣಾರೆ ಕಂಡವಳು ಆ ಯಂತ್ರಗಳನ್ನು ಹಳಿಯಲಾರೆ. ಆದರೆ ಬಾಗಿಲ ಮೇಲೆ 'ಒಳಗೆ ಪ್ರವೇಶವಿಲ್ಲ' ಎಂಬ ಬೋರ್ಡೂ ಯಂತ್ರದ ಜೊತೆಗೇ ಬಂತು. ಮನೆಯಲ್ಲಿದ್ದಿದ್ದರೆ ಬಿಸಿನೀರು ಎರೆಸಿಕೊಂಡು, ಕಿವಿಗೆ ಬಟ್ಟೆ ಕಟ್ಟಿಕೊಂಡು, ಹೊಗೆ ಹಾಕಿಸಿಕೊಂಡು ಮಲಗಬೇಕಾದ ಹಸಿ ಬಾಣಂತಿ ಕಾರಿಡಾರಿನ ಸಿಮೆಂಟು ನೆಲದ ಮೇಲೆ. ಎರಡು ತಾಸಿಗೊಮ್ಮೆ ಬಾಗಿಲು ಅರೆ ತೆರೆದು, ಯಾರೋ ಅವಳ ಹೆಸರು ಕೂಗುತ್ತಾರೆ. ಹಿಂಡಿದ ಹಾಲಿನ ಒಳಲೆಯನ್ನು ಒಳಗೆ ಕೊಟ್ಟು, ಅವಳು ಅಲ್ಲಿಯೇ ನಿಂತಿರುತ್ತಾಳೆ. "ಬಾಯಾರ, ಕುಡೀತೇನ್ರಿ ಕೂಸು?" "ಕುಡೀತವ್ವ, ನೀ ಹೋಗಿ ಕುಂಡ್ರು." ನಮ್ಮ ಮಾತು ಅಲ್ಲಿಗೆ ಮುಗಿಯುತ್ತಿತ್ತು, ಒಳಗೆ ಇನ್ನೊಂದು ಕೂಸಿನ ಅಲಾರಾಂ ಹೊಡೆದುಕೊಳ್ಳುತ್ತಿರುತ್ತಿತ್ತು.

ಅಪ್ಪಂದಿರದು ಇನ್ನೊಂದು ಕತೆ. ಲಂಡನ್ನಿನ ವಾದಗಳಲ್ಲಿ ಕೂಡ ಅಪ್ಪನ ಹೆಸರು ಕಡಿಮೆ. ನಮ್ಮಲ್ಲಿ ಅವನು ಚೀಟಿ ಹಿಡಿದುಕೊಂಡು ಓಡುವವನು: ಮೆಡಿಕಲ್ ಅಂಗಡಿ, ಲ್ಯಾಬು, ರಕ್ತನಿಧಿ, ಮತ್ತೆ ಲ್ಯಾಬು. ಕೂಸಿನ ತೂಕ ಗ್ರಾಂ ಲೆಕ್ಕದಲ್ಲಿ ಅವನಿಗೆ ಬಾಯಿಪಾಠ, ಆದರೆ ಅದನ್ನು ಒಮ್ಮೆಯೂ ಎತ್ತಿಕೊಂಡಿರುವುದಿಲ್ಲ. ಡಿಸ್ಚಾರ್ಜ್ ದಿನ ಕೂಸನ್ನು ಕೈಗೆ ಕೊಡಲು ಹೋದರೆ ಹಿಂದಕ್ಕೆ ಸರಿದು, ಅವ್ವನ ಕಡೆ ಕೈ ತೋರಿಸಿದವರನ್ನು ಎಷ್ಟೋ ಕಂಡೆ. ಹೆದರಿಕೆ, ಮತ್ತೇನಲ್ಲ.

ಮನೆಗೆ ಹೋದ ಮೇಲೆ ಏನಾಗುತ್ತದೆ ಎನ್ನುವುದು ತಿಂಗಳ ಮೇಲೆ ತೋರಿಸಲು ಬಂದಾಗ ಗೊತ್ತಾಗುತ್ತಿತ್ತು. ಏಪ್ರಿಲ್ ಬಿಸಿಲಿನಲ್ಲಿ ಉಣ್ಣೆ ಟೋಪಿ, ಮೇಲೆ ಮೂರು ಅಂಗಿ. ರಾತ್ರಿ ಎದ್ದೆದ್ದು ಮೂಗಿನ ಮುಂದೆ ಬೆರಳು ಹಿಡಿದು ಉಸಿರು ನೋಡುವ ತಾಯಿ. ಅತ್ತೆ ಎತ್ತಿಕೊಂಡರೂ ಕಸಿದುಕೊಳ್ಳುವವಳು. ಮೂರು ವರ್ಷವಾದರೂ ಅಂಗನವಾಡಿಗೆ ಬಿಡದವಳು. ಸೀನಿದರೆ ಆಟೋ ಹತ್ತಿ ಬರುವವರು. ಅಮೆರಿಕದ ಮಾರಿಸ್ ಗ್ರೀನ್ ಮತ್ತು ಆಲ್ಬರ್ಟ್ ಸೋಲ್ನಿಟ್ ಎಂಬ ವೈದ್ಯರು 1964ರಲ್ಲಿ ಇಂಥ 25 ಮಕ್ಕಳ ವಿವರ ಬರೆದರು. ಒಮ್ಮೆ ಸಾವಿನ ಬಾಗಿಲು ಮುಟ್ಟಿ ಬಂದು ಪೂರ್ತಿ ಗುಣವಾದ ಮಕ್ಕಳು ಅವು. ಹೆತ್ತವರಿಗೆ ಮಾತ್ರ ಮಗು ಇನ್ನೂ ಸಾಯಬಹುದು ಎಂಬ ಅಂಜಿಕೆ ಹೋಗಿಲ್ಲ. ಗದರಲು ಮನಸ್ಸು ಬಾರದು, ಬಿಟ್ಟಿರಲು ಧೈರ್ಯ ಸಾಲದು; ಮಗುವೂ ಬಿಟ್ಟಿರಲು ಕಲಿಯದೆ, ಶಾಲೆಯಲ್ಲಿ ಹಿಂದೆ ಬಿದ್ದು, ಹೊಟ್ಟೆನೋವು ತಲೆನೋವೆಂದು ನರಳುತ್ತದೆ. ನಮ್ಮ ಹಳ್ಳಿಗಳಿಗೆ ಈ ಅಂಜಿಕೆ ಹೊಸದಲ್ಲ. ಹಿಂದಿನ ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಹಾಕಿ ಎತ್ತಿಕೊಂಡು, ತಿಪ್ಪಣ್ಣ, ತಿಪ್ಪವ್ವ ಎಂದು ಕರೆಯುತ್ತಿದ್ದರು. ನಮಗೇನೂ ಇದರ ಮೇಲೆ ಅಷ್ಟು ಆಸೆಯಿಲ್ಲ ಎಂದು ದೈವಕ್ಕೆ ನಂಬಿಸುವ ಉಪಾಯ ಅದು.

ನನಗೆ ತೋರುವುದಿಷ್ಟು. ಆ ಅಂಜಿಕೆಯ ಒಂದು ಪಾಲು ಕಾಯಿಲೆಯದು, ಅದನ್ನು ಯಾರೂ ತಪ್ಪಿಸಲಾರರು. ದೊಡ್ಡ ಪಾಲು ಬಾಗಿಲಿನದು. ಹಳೆಯ ವಾರ್ಡಿನಲ್ಲಿ ವಾಂತಿಭೇದಿಯಿಂದ ಎದ್ದ ಕೂಸಿನ ತಾಯಿ, ಅದು ಕಣ್ಣು ಬಿಟ್ಟದ್ದು, ಮೊದಲ ಬಾರಿ ಉಚ್ಚೆ ಹೊಯ್ದದ್ದು, ಎರಡು ಚಮಚ ಗಂಜಿ ನುಂಗಿದ್ದು ಎಲ್ಲವನ್ನೂ ನೋಡಿರುತ್ತಿದ್ದಳು. ಗುಣವಾಗುವುದನ್ನು ಕಂಡವಳು ಗುಣವಾಗಿದೆ ಎಂದು ನಂಬುತ್ತಾಳೆ. ಗಾಜಿನ ಕೋಣೆಯ ಹೊರಗಿದ್ದವಳಿಗೆ ನಾವು ಕೊಟ್ಟದ್ದು ಒಂದು ಕೂಸು ಮತ್ತು ಒಂದು ಡಿಸ್ಚಾರ್ಜ್ ಚೀಟಿ.

ಬಾಗಿಲು ತೆರೆಯಬಹುದು ಎಂದು ತೋರಿಸಿಕೊಟ್ಟದ್ದು ಮತ್ತೆ ಬಡತನವೇ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ, ಕಾವುಪೆಟ್ಟಿಗೆ ಸಾಲದ ಹೆರಿಗೆ ಆಸ್ಪತ್ರೆಯೊಂದರಲ್ಲಿ ಎಡ್ಗರ್ ರೇ ಎಂಬ ವೈದ್ಯರು ಕೂಸನ್ನು ತಾಯಿಯ ಎದೆಗೇ ಕಟ್ಟಿಸಿದರು. ಅದೇ ಈಗಿನ ಕಾಂಗರೂ ಆರೈಕೆ. 2021ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆಯಿತು, ಅವುಗಳಲ್ಲಿ ದೆಹಲಿಯ ಸಫ್ದರ್‌ಜಂಗ್ ಒಂದು. 1 ಕಿಲೋದಿಂದ 1.8 ಕಿಲೋದೊಳಗಿನ ಮಕ್ಕಳನ್ನು ಹುಟ್ಟಿದ ಕೂಡಲೇ ಎದೆಗೆ ಕಟ್ಟಿಕೊಂಡು, ತಾಯಿಯೂ ಘಟಕದೊಳಗೇ ಉಳಿದಾಗ 28 ದಿನದೊಳಗಿನ ಸಾವು ನೂರಕ್ಕೆ 12. ಮಗುವಿನ ಸ್ಥಿತಿ ಸುಧಾರಿಸಲಿ ಎಂದು ಕಾದಾಗ 15.7. ಸೋಂಕೂ ಕಡಿಮೆಯೇ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಸರ್ಕಾರದೊಂದಿಗೆ ಸೇರಿ, ವಿಶ್ವ ಆರೋಗ್ಯ ಸಂಸ್ಥೆಯ ಬೆಂಬಲದಿಂದ ಕಾಂಗರೂ ಆರೈಕೆಯನ್ನು ಇಡೀ ಜಿಲ್ಲೆಗೆ ಹಬ್ಬಿಸಿದರು. ದೆಹಲಿಯ ರಾಮಮನೋಹರ ಲೋಹಿಯಾ ಆಸ್ಪತ್ರೆಯಲ್ಲಿ ಹೆತ್ತವರಿಗೆ ಕೈ ತೊಳೆಯುವುದು, ಗೌನ್ ಹಾಕುವುದು, ಕೂಸನ್ನು ಒರೆಸುವುದು, ಹಾಲುಣಿಸುವುದು ಕಲಿಸಿ ಒಳಗೆ ಬಿಟ್ಟ ಅನುಭವದ ಮೇಲೆ ಕೇಂದ್ರ ಆರೋಗ್ಯ ಇಲಾಖೆ 2017ರಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿದೆ. ಅದರಲ್ಲಿ ಅಪ್ಪನಿಗೂ ಜಾಗವಿದೆ.

ಹಾಗಾಗಿ ನಿಮ್ಮ ಮನೆಯ ಕೂಸು ಗಾಜಿನ ಕೋಣೆಯಲ್ಲಿದ್ದರೆ, ಬೋರ್ಡು ನೋಡಿ ಸುಮ್ಮನಾಗಬೇಡಿ. ಇನ್‌ಚಾರ್ಜ್ ಸಿಸ್ಟರನ್ನು ಕೇಳಿ, ಜಗಳ ಬೇಡ. ಅವಳಿಗೆ ಆಗಲೇ ಕೈತುಂಬ ಕೆಲಸ, ನೀವು ಕಲಿತರೆ ಅವಳ ಭಾರವೇ ಇಳಿಯುತ್ತದೆ. ಆಸ್ಪತ್ರೆ ನಡೆಸುವವರಿಗೆ ಒಂದೇ ಮಾತು. 2011ರ ಜನನಿ ಶಿಶು ಸುರಕ್ಷಾ ಯೋಜನೆಯ ಪ್ರಕಾರ ಬಾಣಂತಿಗೆ ಪುಕ್ಕಟೆ ಊಟ ಸಹಜ ಹೆರಿಗೆಯಾದರೆ ಮೂರು ದಿನ, ಸಿಸೇರಿಯನ್ ಆದರೆ ಏಳು ದಿನ. ದಿನ ತುಂಬದ ಕೂಸು ಒಳಗಿರುವುದು ಮೂರ್ನಾಲ್ಕು ವಾರ. ಆ ಊಟದ ಲೆಕ್ಕವನ್ನು ಹೆರಿಗೆಯ ದಿನದಿಂದ ಬಿಡಿಸಿ, ಕೂಸಿನ ಡಿಸ್ಚಾರ್ಜ್ ದಿನಕ್ಕೆ ಕಟ್ಟಿರಿ. ವಾರ್ಮರಿನ ಪಕ್ಕ ಒಂದು ಕುರ್ಚಿ ಹಾಕಿರಿ, ಹತ್ತಿರದಲ್ಲೇ ಒಂದು ಬಚ್ಚಲು ಕೊಡಿರಿ.